ತೊಡೆಸಂದಿನಲ್ಲಿ ಮತ್ತೆ ಮತ್ತೆ ಏಳುವ ನೋವಿನ ಕುರಗಳು: ಕಾರಣವನ್ನು ಪತ್ತೆ ಮಾಡುವುದು ಹೇಗೆ?

ಪೆರ್ಲದ ತೋಟಗಾರ

ಎಲ್ಲರಿಗೂ ನಮಸ್ಕಾರ. ಹೆಸರು ಹೇಳಿಕೊಳ್ಳಲು ಸಂಕೋಚವಾಗುವ ವಿಷಯವಾದ್ದರಿಂದ ಕಾಸರಗೋಡು ಜಿಲ್ಲೆಯ ನಮ್ಮ ಊರಿನ ಹೆಸರಿನಲ್ಲಷ್ಟೇ ಬರೆಯುತ್ತಿದ್ದೇನೆ. ನನಗೀಗ 29 ವರ್ಷ. ಕಾಲೇಜು ಮುಗಿದ ಸಮಯದಿಂದ ತೊಡೆಸಂದಿನ ಎರಡೂ ಬದಿಗಳಲ್ಲಿ ಕುರಗಳು ಏಳುತ್ತಿವೆ. ಮೊದಲು ಮೇಲ್ನೋಟಕ್ಕೆ ಏನೂ ಕಾಣಿಸುವುದಿಲ್ಲ, ಚರ್ಮದ ಅಡಿಯಲ್ಲಿ ಒಂದು ಗಟ್ಟಿ ಗಂಟು ಮಾತ್ರ ಕೈಗೆ ಸಿಗುತ್ತದೆ. ಎರಡು ಮೂರು ದಿನಗಳಲ್ಲಿ ಅದು ಗೋಟಡಿಕೆಯಷ್ಟು ದಪ್ಪವಾಗಿ, ಬೈಕಿನಲ್ಲಿ ಕುಳಿತುಕೊಳ್ಳಲೂ ಆಗದಷ್ಟು ನೋವು ಕೊಡುತ್ತದೆ. ಕೆಲವು ತಾವಾಗಿ ಇಂಗುತ್ತವೆ. ಕೆಲವು ಒಡೆದು, ಕೀವೂ ರಕ್ತವೂ ಸೋರಿ, ಒಣಗಿದ ಮೇಲೆ ಗಟ್ಟಿ ಕಲೆ ಉಳಿಸಿಹೋಗುತ್ತವೆ.

ಮನೆಯಲ್ಲಿ ಇದಕ್ಕೆ ‘ಉಷ್ಣ’ ಎನ್ನುತ್ತಾರೆ. ಹಲಸು, ಮಾವು ತಿನ್ನಬೇಡ, ಎಳನೀರು ಕುಡಿ ಎಂಬ ಸಲಹೆ ತಪ್ಪಿದ್ದಿಲ್ಲ. ಆದರೆ ಹಲಸಿನ ಕಾಲ ಕಳೆದು ಮಳೆಗಾಲ ನಡುವಿಗೆ ಬಂದರೂ ಕುರಗಳು ನಿಲ್ಲುವುದಿಲ್ಲ. ತೋಟಕ್ಕೆ ಮದ್ದು ಬಿಡುವ, ಅಂದರೆ ಮೈಲುತುತ್ತಿನ ದ್ರಾವಣ ಸಿಂಪಡಿಸುವ ದಿನಗಳಲ್ಲಿ, ಒದ್ದೆ ಚಡ್ಡಿಯಲ್ಲೇ ಸಂಜೆಯವರೆಗೆ ಇರುವುದರಿಂದಲೋ ಏನೋ, ತೊಂದರೆ ಹೆಚ್ಚಾಗುತ್ತದೆ. ಬೇರೆ ಬೇರೆ ವೈದ್ಯರಲ್ಲಿಗೆ ಹೋಗಿದ್ದೇನೆ. ಪ್ರತಿ ಸಲವೂ ಆಂಟಿಬಯಾಟಿಕ್ ಕೊಡುತ್ತಾರೆ, ದೊಡ್ಡದಾಗಿದ್ದರೆ ಕೊಯ್ದು ಕೀವು ತೆಗೆಯುತ್ತಾರೆ, ಗುಣವಾಯಿತು ಎಂದುಕೊಳ್ಳುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೊಂದು. ಇದು ಏನು, ಏಕೆ ಬರುತ್ತದೆ, ಯಾವ ವೈದ್ಯರನ್ನು ಕಾಣಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಕುಂಬಳೆ ಕಡಲ ಬದಿ

ತೋಟಗಾರರೇ, ನಮ್ಮ ಮನೆಯಲ್ಲಿ ತಮ್ಮನಿಗೆ ಇದೇ ರೀತಿ ಮೇಲಿಂದ ಮೇಲೆ ಕುರ ಏಳುತ್ತಿತ್ತು. ಅವನಿಗೆ ತೊಡೆ, ಪೃಷ್ಠ, ಕುತ್ತಿಗೆಯ ಹಿಂಭಾಗ, ಒಮ್ಮೆ ಮುಖದಲ್ಲಿಯೂ ಬಂದಿತ್ತು. ಅನಂತರ ಅಮ್ಮನಿಗೂ ಬಂತು. ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದಾಗ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗಿನ ಹೊಳ್ಳೆಯೊಳಗೆ ಸದ್ದಿಲ್ಲದೆ ಇದ್ದುಬಿಡುತ್ತದೆಯೆಂದೂ ಅಲ್ಲಿಂದ ಕೈಗೆ, ಕೈಯಿಂದ ಚರ್ಮಕ್ಕೆ ಹೋಗುತ್ತದೆಯೆಂದೂ ವೈದ್ಯರು ವಿವರಿಸಿ, ಮನೆಮಂದಿಗೆಲ್ಲ ಮೂಗಿಗೆ ಹಚ್ಚುವ ಮ್ಯುಪಿರೋಸಿನ್ ಮುಲಾಮನ್ನೂ ಮೈತೊಳೆಯಲು ಕ್ಲೋರ್‌ಹೆಕ್ಸಿಡಿನ್ ದ್ರವವನ್ನೂ ಕೊಟ್ಟರು. ಬೈರಾಸು, ಕ್ಷೌರದ ಬ್ಲೇಡುಗಳನ್ನು ಬೇರೆ ಬೇರೆ ಮಾಡಿದೆವು. ಈಗ ಬರುತ್ತಿಲ್ಲ. ನಿಮ್ಮ ಮನೆಯಲ್ಲಿ ಇನ್ನಾರಿಗಾದರೂ ಇದೆಯೇ ಎಂದು ನೋಡಿ.

ನೀರ್ಚಾಲಿನ ಮದ್ದಂಗಡಿ

ನಾನು ಫಾರ್ಮಸಿಸ್ಟ್. ವೈದ್ಯನಲ್ಲ, ಆದ್ದರಿಂದ ರೋಗದ ಹೆಸರು ಹೇಳುವ ಗೋಜಿಗೆ ಹೋಗುವುದಿಲ್ಲ. ತೊಡೆಸಂದಿನ ತೊಂದರೆಯೆಂದರೆ ಜನರು ಮೊದಲು ಬರುವುದು ಅಂಗಡಿಗೆ. ಚೀಟಿಯಿಲ್ಲದೆ ‘ಆ ಕೆಂಪು ಟ್ಯೂಬು ಕೊಡಿ’ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಅವರು ಕೇಳುವ ಮುಲಾಮುಗಳಲ್ಲಿ ಬಹುಪಾಲು ಕ್ಲೋಬೆಟಸಾಲ್‌ನಂತಹ ಬಲವಾದ ಸ್ಟಿರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯಾಟಿಕ್ ಎಲ್ಲವನ್ನೂ ಬೆರೆಸಿದ ಮಿಶ್ರಣಗಳು. ಹಚ್ಚಿದೊಡನೆ ತುರಿಕೆ, ಕೆಂಪು ಇಳಿಯುತ್ತವೆ. ಆದರೆ ತೊಡೆಸಂದಿನ ಚರ್ಮ ಮೊದಲೇ ತೆಳು, ಮಡಿಕೆಯೊಳಗೆ ಮದ್ದು ಇನ್ನಷ್ಟು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸವೆದು ಬಿಳಿ ಗೀರುಗಳು ಮೂಡುತ್ತವೆ, ಶಿಲೀಂಧ್ರ ಒಳಗಿಂದೊಳಗೇ ಹಬ್ಬುತ್ತದೆ, ಕೊನೆಗೆ ಚರ್ಮವೈದ್ಯರಿಗೂ ಮೂಲ ಯಾವುದೆಂದು ಗುರುತಿಸಲು ಕಷ್ಟವಾಗುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು 2018ರಲ್ಲಿ ಕೇಂದ್ರ ಸರಕಾರ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಆಂಟಿಬಯಾಟಿಕ್ ಬಗ್ಗೆಯೂ ಒಂದು ಮಾತು. ಕೇರಳದಲ್ಲಿ 2024ರ ‘ಆಪರೇಷನ್ ಅಮೃತ್’ ತಪಾಸಣೆಗಳ ನಂತರ ಚೀಟಿಯಿಲ್ಲದೆ ಅದನ್ನು ಕೊಡುವುದು ನಮಗೆ ಸಾಧ್ಯವಿಲ್ಲ. ಗಡಿ ದಾಟಿ ಕರ್ನಾಟಕದ ಬದಿಯ ಅಂಗಡಿಯಿಂದ ತಂದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಅದು ಬೇಡ. ತಂದವರು ಹೆಚ್ಚಾಗಿ ಮೂರು ದಿನ ತಿಂದು, ನೋವು ಇಳಿದೊಡನೆ ನಿಲ್ಲಿಸಿ, ಉಳಿದ ಮಾತ್ರೆಗಳನ್ನು ಮುಂದಿನ ಕುರಕ್ಕೆಂದು ಇಟ್ಟುಕೊಳ್ಳುತ್ತಾರೆ.

ದೇರಳಕಟ್ಟೆ ಚರ್ಮವೈದ್ಯೆ

ತೋಟಗಾರರು ಕೊಟ್ಟಿರುವ ವಿವರಣೆ ಬಹಳ ಉಪಯುಕ್ತವಾಗಿದೆ. ಪರೀಕ್ಷಿಸದೆ ರೋಗನಿರ್ಣಯ ಮಾಡಲಾಗದು ಎಂಬುದನ್ನು ಮೊದಲೇ ಹೇಳಿ, ನಾವು ಯಾವ ದಾರಿಯಲ್ಲಿ ಯೋಚಿಸುತ್ತೇವೆ ಎಂಬುದನ್ನು ಬರೆಯುತ್ತೇನೆ.

ಒಂದು ಕುರವನ್ನು ಮಾತ್ರ ನೋಡಿದರೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಕೆಂಪಗೆ ಊದಿಕೊಂಡ, ಮುಟ್ಟಿದರೆ ನೋಯುವ ಗಂಟು, ಅಷ್ಟೆ. ಆದ್ದರಿಂದಲೇ ಪ್ರತಿ ಸಲ ಹೊಸ ವೈದ್ಯರ ಮುಂದೆ ಹೋದಾಗ ಅದು ಪ್ರತಿ ಸಲವೂ ಹೊಸ ಕುರವಾಗಿಬಿಡುತ್ತದೆ. ಕಾರಣ ತಿಳಿಯುವುದು ವರ್ಷಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ: ಎಲ್ಲೆಲ್ಲಿ ಬರುತ್ತದೆ, ಅದೇ ಬಿಂದುವಿಗೆ ಮರಳುತ್ತದೆಯೇ, ಒಣಗಿದ ಮೇಲೆ ಏನು ಉಳಿಯುತ್ತದೆ.

ಕುಂಬಳೆಯವರು ಹೇಳಿದ ಸ್ಟ್ಯಾಫ್ ಕುರಗಳು ಮೈಯ ಯಾವುದೇ ಭಾಗದಲ್ಲಿ ಏಳಬಹುದು, ಮನೆಯ ಇತರರಿಗೂ ಹರಡಬಹುದು, ಒಂದು ಮೂತಿ ಮಾಡಿ ಒಡೆದು ಸಾಮಾನ್ಯವಾಗಿ ಪೂರ್ತಿ ಒಣಗುತ್ತವೆ. ಕ್ಷೌರದ ನಂತರ ಒಳಮುಖವಾಗಿ ಬೆಳೆದ ಕೂದಲಿನಿಂದಾಗುವ ಗುಳ್ಳೆಗಳು ಚಿಕ್ಕವು, ಮೇಲ್ಪದರದವು, ಕ್ಷೌರ ಮಾಡಿದ ಕೆಲವು ದಿನಗಳಲ್ಲಿ ಬರುತ್ತವೆ, ಕ್ಷೌರ ನಿಲ್ಲಿಸಿದರೆ ಕಡಿಮೆಯಾಗುತ್ತವೆ. ಚರ್ಮದ ಚೀಲಗಂಟು, ಅಂದರೆ ಸಿಸ್ಟ್, ನೋವಿಲ್ಲದೆ ತಿಂಗಳುಗಟ್ಟಲೆ ಒಂದೇ ಕಡೆ ಇದ್ದು ಒಮ್ಮೆಲೇ ಸೋಂಕಿಗೊಳಗಾಗಿ ಊದಿಕೊಳ್ಳುತ್ತದೆ. ಅದರ ನಡುವೆ ಕಪ್ಪು ಚುಕ್ಕೆಯೊಂದು ಕಾಣಬಹುದು. ಶಿಲೀಂಧ್ರದ ಸೋಂಕಿನಲ್ಲಿ ಮುಖ್ಯ ಲಕ್ಷಣ ತುರಿಕೆ. ಅಂಚು ಉಬ್ಬಿದ, ವೃತ್ತಾಕಾರದ ಕಲೆ ಹಬ್ಬುತ್ತಾ ಹೋಗುತ್ತದೆ, ಆಳದ ಗಂಟು ಅದರ ಲಕ್ಷಣವಲ್ಲ.

ಈಗ ನನ್ನ ಪ್ರಶ್ನೆಗಳು. ಕಂಕುಳಲ್ಲಿ ಅಥವಾ ಪೃಷ್ಠದ ಮಡಿಕೆಯಲ್ಲಿ ಎಂದಾದರೂ ಇಂತಹ ಗಂಟು ಬಂದಿದೆಯೇ? ಆರು ತಿಂಗಳೊಳಗೆ ಎರಡು ಅಥವಾ ಹೆಚ್ಚು ಸಲ ಬರುವುದುಂಟೇ? ಹಳೆಯ ಕಲೆಯ ಹತ್ತಿರ ಅಕ್ಕಪಕ್ಕದಲ್ಲಿ ಜೋಡಿಯಾಗಿ ಇರುವ ಕಪ್ಪು ಚುಕ್ಕೆಗಳು ಕಾಣುತ್ತವೆಯೇ? ಒಂದು ಕಡೆ ಒತ್ತಿದರೆ ಇನ್ನೊಂದು ರಂಧ್ರದಿಂದ ಕೀವು ಬರುತ್ತದೆಯೇ? ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದೆಯೇ? ಬೀಡಿ ಅಥವಾ ಸಿಗರೇಟು ಸೇದುತ್ತೀರಾ? ತೂಕ ಎಷ್ಟು, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿದ್ದೀರಾ? ಮಲದಲ್ಲಿ ರಕ್ತ, ದೀರ್ಘಕಾಲದ ಭೇದಿ, ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುವುದು ಇವೆಯೇ?

ಉಪ್ಪಳದ ಓದುಗ

ವೈದ್ಯರು ಹೇಳಲು ಹಿಂಜರಿಯುತ್ತಿರಬಹುದು, ಆದರೆ ಆ ಜಾಗದ ಗಂಟು ಎಂದರೆ ಲೈಂಗಿಕ ಸಂಪರ್ಕದಿಂದ ಬರುವ ರೋಗವೇ ಆಗಿರುತ್ತದೆ ಎಂದು ನಾನು ಕೇಳಿದ್ದೇನೆ. ಮೊದಲು ಅದನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದಲ್ಲವೇ?

ದೇರಳಕಟ್ಟೆ ಚರ್ಮವೈದ್ಯೆ

ಹಿಂಜರಿಕೆ ಏನೂ ಇಲ್ಲ, ಮೊದಲೇ ಬರೆಯಬೇಕಾಗಿದ್ದ ವಿಷಯವಾದ್ದರಿಂದ ಈಗ ಬರೆಯುತ್ತೇನೆ. ಹರ್ಪಿಸ್ ಮರುಕಳಿಸುತ್ತದೆ, ನೋವೂ ಇರುತ್ತದೆ. ಆದರೆ ಅದು ಗೊಂಚಲಾಗಿ ಏಳುವ ಸಣ್ಣ ನೀರುಗುಳ್ಳೆ, ಒಡೆದು ಮೇಲ್ಮೈ ಹುಣ್ಣಾಗಿ ಒಂದೆರಡು ವಾರಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಶಾಂಕ್ರಾಯ್ಡ್ ಮತ್ತು ಎಲ್‌ಜಿವಿ ಎಂಬ ಸೋಂಕುಗಳಲ್ಲಿ ತೊಡೆಸಂದಿನ ದುಗ್ಧರಸ ಗ್ರಂಥಿಗಳು ಬಾತು ಕೀವಾಗಬಹುದು, ಆದರೆ ಅವು ವರ್ಷಗಳ ಕಾಲ ಎರಡೂ ಬದಿಯಲ್ಲಿ ಬಂದು ಹೋಗುತ್ತಾ ಇರುವುದಿಲ್ಲ. ಸಂದೇಹಕ್ಕೆ ಆಸ್ಪದವಿದ್ದರೆ ಸಿಫಿಲಿಸ್ ಪತ್ತೆಗೆ ಮಾಡುವ ವಿಡಿಆರ್‌ಎಲ್, ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿಬಿಡುವುದು ಸರಿ. ಆದರೆ ‘ಆ ಜಾಗದ ರೋಗ’ ಎಂಬ ತೀರ್ಮಾನವೇ ಜನರನ್ನು ವೈದ್ಯರಿಂದ ವರ್ಷಗಟ್ಟಲೆ ದೂರ ಇಡುತ್ತಿದೆ ಎಂಬುದು ನನ್ನ ಅನುಭವ, ಹಾಗಾಗಿ ಆ ಮಾತನ್ನು ತೂಗಿ ಆಡಬೇಕು.

ಬದಿಯಡ್ಕದ ಹಳೆಯ ಮೇಷ್ಟ್ರು

ಅಮ್ಮಾ, ನನ್ನದೊಂದು ಸಂದೇಹ. ನನ್ನ ಪ್ರಾಯದವರಲ್ಲಿ ತೊಡೆಸಂದಿನ ಗಂಟು ಎಂದರೆ ಹರ್ನಿಯಾ. ಹಿಂದೆ ನಮ್ಮ ಕರಾವಳಿಯಲ್ಲಿ ಆನೆಕಾಲಿನವರಿಗೂ ಅಲ್ಲಿಯೇ ಗಂಟು ಕಟ್ಟಿ ಚಳಿಜ್ವರ ಬರುತ್ತಿದ್ದುದನ್ನು ನೋಡಿದ್ದೇನೆ. ಅವನ್ನು ಹೇಗೆ ಬೇರ್ಪಡಿಸುವುದು?

ದೇರಳಕಟ್ಟೆ ಚರ್ಮವೈದ್ಯೆ

ಒಳ್ಳೆಯ ಪ್ರಶ್ನೆ, ಮೇಷ್ಟ್ರೇ. ಹರ್ನಿಯಾದ ಉಬ್ಬು ಕೆಮ್ಮಿದಾಗ, ಭಾರ ಎತ್ತಿದಾಗ ಹೊರಬರುತ್ತದೆ, ಮಲಗಿದಾಗ ಒಳಗೆ ಹೋಗುತ್ತದೆ. ಮೇಲಿನ ಚರ್ಮ ಸಹಜವಾಗಿರುತ್ತದೆ. ಹೊರಬಂದ ಉಬ್ಬು ಒಳಹೋಗದೆ ವಿಪರೀತ ನೋವು, ವಾಂತಿ ಆರಂಭವಾದರೆ ಅದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ, ಗಂಟೆಗಳೂ ಮುಖ್ಯ. ದುಗ್ಧರಸ ಗ್ರಂಥಿ ಬಾತರೆ ಕಾಲಿನಲ್ಲಿ ಕಾರಣ ಹುಡುಕಬೇಕು: ಬೆರಳ ಸಂದಿನ ಕೆಸರುಹುಣ್ಣು, ಮುಳ್ಳು ಚುಚ್ಚಿದ ಗಾಯ, ಆನೆಕಾಲು. ಆನೆಕಾಲಿನವರ ಚಳಿಜ್ವರದ ಸಮಯದಲ್ಲಿ ಕಾಲೂ ಕೆಂಪಾಗಿ ಊದುತ್ತದೆ. ಆ ರೋಗಿಗಳ ಸಂಯೋಜಿತ ಚಿಕಿತ್ಸೆಗೆ ನಿಮ್ಮ ಕಾಸರಗೋಡಿನಲ್ಲಿಯೇ ಇರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಹೆಸರಾಗಿದೆ. ಕ್ಷಯದ ಗ್ರಂಥಿಯೂ ನಿಧಾನವಾಗಿ ಬಾತು ಚರ್ಮ ಒಡೆದು ಸೋರಬಹುದು, ಆದರೆ ಅದರಲ್ಲಿ ನೋವು ಕಡಿಮೆ.

ಪೆರ್ಲದ ತೋಟಗಾರ

ಡಾಕ್ಟರಮ್ಮ, ನಿಮ್ಮ ಪ್ರಶ್ನೆಗಳಿಗೆ ಉತ್ತರ: ಎಡ ಕಂಕುಳಲ್ಲಿ ಬಂದಿತ್ತು, ಅದನ್ನು ಬೇರೆ ತೊಂದರೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಆರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚೇ ಬರುತ್ತದೆ. ಕನ್ನಡಿ ಹಿಡಿದು ನೋಡಿದೆ, ಬಲಬದಿಯ ಹಳೆಯ ಕಲೆಯ ಪಕ್ಕದಲ್ಲಿ ಜೋಡಿ ಕಪ್ಪು ಚುಕ್ಕೆಗಳಿವೆ. ಅಲ್ಲಿಯೇ ಒಂದು ಸಣ್ಣ ರಂಧ್ರವಿದ್ದು, ಗಂಟು ಇಲ್ಲದ ದಿನಗಳಲ್ಲಿಯೂ ಬಟ್ಟೆಗೆ ಕಲೆಯಾಗುತ್ತದೆ. ನಮ್ಮ ಸೋದರಮಾವನಿಗೆ ಕಂಕುಳಲ್ಲಿ ಯಾವಾಗಲೂ ಕುರ ಇರುತ್ತಿತ್ತೆಂದು ಅಮ್ಮ ಈಗ ಹೇಳಿದರು. ಸಿಗರೇಟು ಸೇದುತ್ತೇನೆ. ತೂಕ 92 ಕಿಲೋ. ಸಕ್ಕರೆ ಪರೀಕ್ಷೆ ಮಾಡಿಸಿಲ್ಲ. ಹೊಟ್ಟೆಯ ತೊಂದರೆಯಾಗಲಿ ಸೊಂಟದ ಬಿಗಿತವಾಗಲಿ ಇಲ್ಲ. ಮನೆಯಲ್ಲಿ ಬೇರೆ ಯಾರಿಗೂ ಹರಡಿಲ್ಲ.

ದೇರಳಕಟ್ಟೆ ಚರ್ಮವೈದ್ಯೆ

ಈ ಉತ್ತರಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಅದರ ಹೆಸರು ಹೈಡ್ರಾಡಿನೈಟಿಸ್ ಸಪ್ಪುರೇಟಿವಾ; ಚಿಕ್ಕದಾಗಿ ಎಚ್‌ಎಸ್ ಎನ್ನುತ್ತೇವೆ. ವಿಶಿಷ್ಟವಾದ ಗಂಟು, ವಿಶಿಷ್ಟವಾದ ಜಾಗ, ಮರುಕಳಿಕೆ ಈ ಮೂರೂ ಕೂಡಿದರೆ ರೋಗನಿರ್ಣಯಕ್ಕೆ ಸಾಕು. ಇದಕ್ಕೆಂದೇ ಒಂದು ರಕ್ತಪರೀಕ್ಷೆ ಇಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಚರ್ಮದ ತುಣುಕು ತೆಗೆದು ನೋಡುವ ಬಯಾಪ್ಸಿಯೂ ಬೇಕಾಗುವುದಿಲ್ಲ.

1854ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ವರ್ನಾಯ್ ಇದನ್ನು ಬೆವರಿನ ಗ್ರಂಥಿಗಳ ರೋಗವೆಂದು ಭಾವಿಸಿದ್ದರಿಂದ ಈ ಹೆಸರು ಉಳಿದುಬಂತು. ಈಗ ತಿಳಿದಿರುವಂತೆ ತೊಂದರೆ ಆರಂಭವಾಗುವುದು ರೋಮಕೂಪದಲ್ಲಿ. ಕೂದಲು ಹೊರಬರುವ ದ್ವಾರ ಒಳಪದರದ ಜೀವಕೋಶಗಳಿಂದ ಮುಚ್ಚಿಹೋಗುತ್ತದೆ, ಒಳಗೆ ಒತ್ತಡ ಹೆಚ್ಚಿ ಕೂಪ ಚರ್ಮದಾಳದಲ್ಲಿಯೇ ಒಡೆಯುತ್ತದೆ, ಹೊರಬಿದ್ದ ಕೆರಾಟಿನ್ ಎಂಬ ಪ್ರೋಟೀನು ಮತ್ತು ಕೂದಲಿನ ಚೂರುಗಳ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆ ಅಗತ್ಯಕ್ಕಿಂತ ಹೆಚ್ಚಾಗಿ ಎರಗುತ್ತದೆ. ನೀವು ಮೊದಲು ಕೈಯಲ್ಲಿ ಮುಟ್ಟುವ ಗಂಟು ಅದೇ. ಮತ್ತೆ ಮತ್ತೆ ಹೀಗಾದಾಗ ಒಡೆದ ಜಾಗಗಳ ನಡುವೆ ಚರ್ಮದಡಿಯಲ್ಲಿ ಸುರಂಗಗಳು ಬೆಳೆಯುತ್ತವೆ. ನಿಮ್ಮ ಬಟ್ಟೆಗೆ ಕಲೆ ಮಾಡುವ ರಂಧ್ರ ಅಂತಹ ಸುರಂಗದ ಬಾಯಿ ಆಗಿರಬಹುದು.

ಆಂಟಿಬಯಾಟಿಕ್ ಕೊಟ್ಟರೆ ಇಳಿಯುತ್ತದೆ, ಮತ್ತೆ ಬರುತ್ತದೆ ಎಂಬ ಗೊಂದಲಕ್ಕೆ ಉತ್ತರವೂ ಇಲ್ಲಿಯೇ ಇದೆ. ಬ್ಯಾಕ್ಟೀರಿಯಾ ಇಲ್ಲಿ ಮೂಲ ಕಾರಣವಲ್ಲ. ಕೀವನ್ನು ಕಲ್ಚರ್ ಮಾಡಿದರೆ ಎಷ್ಟೋ ಸಲ ಚರ್ಮದ ಮೇಲಿನ ಸಾಮಾನ್ಯ ಬ್ಯಾಕ್ಟೀರಿಯಾಗಳೇ ಸಿಗುತ್ತವೆ. ಆಂಟಿಬಯಾಟಿಕ್‌ಗಳಲ್ಲಿ ಕೆಲವಕ್ಕೆ ಉರಿಯೂತ ತಗ್ಗಿಸುವ ಗುಣವೂ ಇರುವುದರಿಂದ ತಾತ್ಕಾಲಿಕ ಉಪಶಮನ ಸಿಗುತ್ತದೆ. ಕೊಯ್ದು ಕೀವು ತೆಗೆದರೆ ಆ ಹೊತ್ತಿನ ನೋವು ಹೋಗುತ್ತದೆ, ರೋಗಗ್ರಸ್ತ ಕೂಪ ಅಲ್ಲಿಯೇ ಉಳಿದಿರುವುದರಿಂದ ಗಂಟು ಬಹುತೇಕ ಖಂಡಿತವಾಗಿ ಮರಳುತ್ತದೆ.

ಇದು ಅಂಟುರೋಗವಲ್ಲ, ಕೊಳಕಿನಿಂದ ಬರುವುದಲ್ಲ, ಹಲಸಿನಹಣ್ಣಿನಿಂದಲೂ ಅಲ್ಲ. ಸುಮಾರು ಮೂರರಲ್ಲಿ ಒಬ್ಬ ರೋಗಿಗೆ ಕುಟುಂಬದಲ್ಲಿ ಇನ್ನೊಬ್ಬರಿಗೆ ಇರುವ ಚರಿತ್ರೆ ಇರುತ್ತದೆ. ಧೂಮಪಾನ ಮತ್ತು ಅಧಿಕ ತೂಕಕ್ಕೆ ಇದರೊಂದಿಗೆ ಬಲವಾದ ಸಂಬಂಧವಿದೆ. ಬೆವರು, ಒದ್ದೆ ಬಟ್ಟೆ, ಉಜ್ಜಾಟ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಕೆರಳಿಸುತ್ತವೆ. ಮದ್ದು ಬಿಡುವ ದಿನಗಳಲ್ಲಿ ನಿಮಗೆ ಹೆಚ್ಚಾಗುವುದು ಅದರಿಂದಲೇ ಇರಬೇಕು.

ಮುಳ್ಳೇರಿಯದ ಅಕ್ಕ

ಇಷ್ಟು ಹೊತ್ತು ಓದುತ್ತಾ ಇದ್ದೆ. ನನಗೆ ಇದೇ ರೋಗ, ಕಂಕುಳಲ್ಲಿ ಮತ್ತು ಸ್ತನದ ಅಡಿಯಲ್ಲಿ. ಹೈಸ್ಕೂಲಿನ ಕೊನೆಗೆ ಆರಂಭವಾದದ್ದಕ್ಕೆ ಹೆಸರು ಸಿಕ್ಕಿದ್ದು ಮಗು ಹುಟ್ಟಿದ ಮೇಲೆ. ‘ದಿನಕ್ಕೆ ಎರಡು ಸಲ ಸ್ನಾನ ಮಾಡಿ’ ಎಂಬ ಉಪದೇಶವನ್ನು ಎಷ್ಟು ಮಂದಿಯಿಂದ ಕೇಳಿದ್ದೇನೋ. ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದವಳಿಗೆ ಅದನ್ನು ಕೇಳುವಾಗ ಬರುವ ಸಿಟ್ಟನ್ನು ಹೇಳಲಾಗದು. ಮುಟ್ಟಿಗೆ ಮುಂಚಿನ ವಾರದಲ್ಲಿ ನನಗೆ ತಪ್ಪದೆ ಹೆಚ್ಚಾಗುತ್ತಿತ್ತು. ಅದನ್ನು ಹೇಳಿದ ಮೇಲೆಯೇ ವೈದ್ಯರು ಪಿಸಿಒಎಸ್ ಎಂಬ, ಹಾರ್ಮೋನಿಗೆ ಸಂಬಂಧಿಸಿದ ಅಂಡಾಶಯದ ತೊಂದರೆ ಇದೆಯೇ ಎಂದು ಸ್ಕ್ಯಾನ್ ಮಾಡಿಸಿದರು, ಇತ್ತು.

ತೋಟಗಾರರೇ, ನಿಮಗೆ ಒಂದು ಉಪಾಯ ಹೇಳುತ್ತೇನೆ. ವೈದ್ಯರ ಸರದಿ ಬರುವ ದಿನ ಗಂಟು ಇಳಿದಿರುತ್ತದೆ. ತೋರಿಸಲು ಏನೂ ಇರುವುದಿಲ್ಲ. ನಾನು ಪ್ರತಿ ಗಂಟು ಎದ್ದಾಗಲೂ ಫೋನಿನಲ್ಲಿ ಫೋಟೋ ತೆಗೆದು, ಬೇರೆಯವರ ಕಣ್ಣಿಗೆ ಬೀಳದ ಹಾಗೆ ಬೀಗ ಹಾಕಿದ ಫೋಲ್ಡರಿನಲ್ಲಿ ಇಡುತ್ತೇನೆ. ಒಂದು ಹಳೆಯ ಕ್ಯಾಲೆಂಡರಿನಲ್ಲಿ ಎಡ ಕಂಕುಳಿಗೆ ‘ಎ’, ಬಲಕ್ಕೆ ‘ಬ’ ಎಂದು ಗುರುತು ಹಾಕುತ್ತೇನೆ, ಮುಟ್ಟಿನ ದಿನಗಳಿಗೆ ಕೆಂಪು ಚುಕ್ಕೆ. ಮಲಯಾಳದಲ್ಲಿ ಇಂತಹ ವಿಷಯವನ್ನು ವಿವರವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಗಡಿನಾಡಿನ ನಮ್ಮಲ್ಲಿ ಅನೇಕರ ಪಾಡು ಅದೇ. ಆ ಕ್ಯಾಲೆಂಡರನ್ನು ಮೇಜಿನ ಮೇಲೆ ಇಟ್ಟಾಗ ವೈದ್ಯರು ಒಂದು ಮಾತೂ ಆಡದೆ ಎರಡು ನಿಮಿಷ ಪುಟ ತಿರುವಿದರು, ಅನಂತರ ಕೇಳಿದ ಪ್ರಶ್ನೆಗಳೆಲ್ಲ ಸರಿಯಾದ ಪ್ರಶ್ನೆಗಳಾಗಿದ್ದವು.

ಕುಂಬಳೆ ಕಡಲ ಬದಿ

ಹಾಗಾದರೆ ನನ್ನ ತಮ್ಮನದ್ದೂ ಇದೇ ಇರಬಹುದೇ?

ದೇರಳಕಟ್ಟೆ ಚರ್ಮವೈದ್ಯೆ

ನೀವು ಬರೆದ ಪ್ರಕಾರ ಇರಲಾರದು. ಕುತ್ತಿಗೆ, ಮುಖ ಎಂದು ಎಲ್ಲೆಡೆ ಬಂದದ್ದು, ತಾಯಿಗೆ ಹರಡಿದ್ದು, ಮೂಗಿನ ಚಿಕಿತ್ಸೆಯಿಂದ ನಿಂತದ್ದು, ಮೂರೂ ಸ್ಟ್ಯಾಫ್ ಕಡೆಗಿವೆ.

ಪೆರ್ಲದ ತೋಟಗಾರ

ಬಹಳ ದಿನಗಳ ನಂತರ ಬರೆಯುತ್ತಿದ್ದೇನೆ. ಅಕ್ಕ ಹೇಳಿದಂತೆ ಫೋಟೋಗಳನ್ನೂ ದಿನಾಂಕಗಳನ್ನೂ ಜೋಡಿಸಿಕೊಂಡು ಚರ್ಮರೋಗ ವಿಭಾಗಕ್ಕೆ ಹೋದೆ. ವೈದ್ಯರು ಕಂಕುಳು, ತೊಡೆಸಂದು, ಪೃಷ್ಠ ಎಲ್ಲವನ್ನೂ ನೋಡಿ, ಎಚ್‌ಎಸ್, ಹರ್ಲಿ ಎರಡನೆಯ ಹಂತ ಎಂದು ಬರೆದಿದ್ದಾರೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿ ಇದ್ದೇನೆಂದು ತಿಳಿಯಿತು. ಕ್ಲಿಂಡಾಮೈಸಿನ್ ದ್ರಾವಣ ಹಚ್ಚಲು, ಡಾಕ್ಸಿಸೈಕ್ಲಿನ್ ತಿನ್ನಲು ಕೊಟ್ಟಿದ್ದಾರೆ. ಸುರಂಗವಿರುವ ಭಾಗವನ್ನು ಮುಂದೆ ತೆರೆಯಬೇಕಾಗಬಹುದು ಎಂದಿದ್ದಾರೆ. ಆಂಟಿಬಯಾಟಿಕ್ ಮೂಲ ಮದ್ದಲ್ಲ ಎಂದ ಮೇಲೆ ಮತ್ತೆ ಅದನ್ನೇ ಏಕೆ ಕೊಟ್ಟರು ಎಂಬುದು ನನ್ನ ಪ್ರಶ್ನೆ. ಅಲ್ಲದೆ ಇದು ಯಾವಾಗ ಪೂರ್ತಿ ಗುಣವಾಗುತ್ತದೆ?

ದೇರಳಕಟ್ಟೆ ಚರ್ಮವೈದ್ಯೆ

ಹರ್ಲಿ ಹಂತಗಳು ಮೂರು. ಗಂಟುಗಳು ಮಾತ್ರ ಇದ್ದು ಸುರಂಗ, ಕಲೆ ಇಲ್ಲದಿದ್ದರೆ ಮೊದಲನೆಯದು. ಅಲ್ಲಲ್ಲಿ ಸುರಂಗ, ಕಲೆಗಳಿದ್ದು ನಡುವೆ ಸಹಜ ಚರ್ಮ ಉಳಿದಿದ್ದರೆ ಎರಡನೆಯದು. ಇಡೀ ಭಾಗ ಸುರಂಗಗಳ ಬಲೆಯಾಗಿದ್ದರೆ ಮೂರನೆಯದು.

ಡಾಕ್ಸಿಸೈಕ್ಲಿನ್ ಅನ್ನು ಇಲ್ಲಿ ಕೊಡುವುದು ಮುಖ್ಯವಾಗಿ ಉರಿಯೂತ ತಗ್ಗಿಸಲು, ಆದ್ದರಿಂದಲೇ ಐದು ದಿನಗಳ ಬದಲು ಸಾಮಾನ್ಯವಾಗಿ 12 ವಾರಗಳವರೆಗೆ. ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಕೂಡಲೇ ಮಲಗಬೇಡಿ. ಬಿಸಿಲಿನಲ್ಲಿ ಚರ್ಮ ಬೇಗ ಸುಡುವುದರಿಂದ ತೋಟದಲ್ಲಿ ಪೂರ್ತಿ ತೋಳಿನ ಅಂಗಿ ಹಾಕಿ. ಇದಕ್ಕೆ ಬಗ್ಗದಿದ್ದರೆ ಕ್ಲಿಂಡಾಮೈಸಿನ್ ಜೊತೆ ರಿಫಾಂಪಿಸಿನ್ ಕೊಡುವ ಪದ್ಧತಿಯಿದೆ, ಆದರೆ ರಿಫಾಂಪಿಸಿನ್ ಕ್ಷಯದ ಮುಖ್ಯ ಮದ್ದಾದ್ದರಿಂದ ನಮ್ಮ ದೇಶದಲ್ಲಿ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಅದನ್ನು ಮುಟ್ಟಬಾರದು. ತೀವ್ರವಾದ ರೋಗಕ್ಕೆ ಅಡಾಲಿಮುಮಾಬ್ ಎಂಬ ಚುಚ್ಚುಮದ್ದಿದೆ, 2015ರಲ್ಲಿ ಅಮೆರಿಕದ ಎಫ್‌ಡಿಎ ಎಚ್‌ಎಸ್‌ಗೆಂದು ಒಪ್ಪಿಗೆ ಕೊಟ್ಟ ಮೊದಲ ಮದ್ದು ಅದು. ಭಾರತದಲ್ಲಿಯೇ ತಯಾರಾಗುವ ಅದರ ಸಮಾನ ರೂಪಗಳಾದ ಬಯೋಸಿಮಿಲರ್‌ಗಳು ಸಿಗುತ್ತವೆ. ಅದಕ್ಕೂ ಮೊದಲು ಲಕ್ಷಣ ತೋರದೆ ಒಳಗೇ ಇರುವ ಸುಪ್ತ ಕ್ಷಯದ ಪರೀಕ್ಷೆ ಕಡ್ಡಾಯ. ಸುರಂಗಕ್ಕೆ ಮಾಡುವುದು ಡೀರೂಫಿಂಗ್: ಮೇಲ್ಛಾವಣಿಯ ಚರ್ಮವನ್ನು ತೆಗೆದು, ತಳವನ್ನು ಹಾಗೆಯೇ ಬಿಟ್ಟು, ಗಾಯ ಅಡಿಯಿಂದ ತಾನಾಗಿ ತುಂಬಿಕೊಳ್ಳಲು ಬಿಡುವುದು. ಸ್ಥಳೀಯ ಅರಿವಳಿಕೆಯಲ್ಲಿಯೇ ಆಗುತ್ತದೆ, ಬರಿದೇ ಕೊಯ್ದು ಕೀವು ತೆಗೆಯುವುದಕ್ಕಿಂತ ಮರುಕಳಿಕೆ ಬಹಳ ಕಡಿಮೆ.

ಪೂರ್ತಿ ಗುಣ ಎಂಬ ಮಾತನ್ನು ನಾನು ಕೊಡಲಾರೆ. ಹತೋಟಿ ಸಾಧ್ಯ, ಎರಡನೆಯ ಹಂತದಲ್ಲಿ ತಡೆದು ನಿಲ್ಲಿಸುವುದು ಸಾಧ್ಯ. ಸಿಗರೇಟು ಬಿಡುವುದು, ತೂಕ ಇಳಿಸುವುದು ಸಕ್ಕರೆಗೂ ಬೇಕಾದದ್ದೇ.

ಪೆರ್ಲದ ತೋಟಗಾರ

ಉಪಕಾರವಾಯಿತು ಡಾಕ್ಟರಮ್ಮ. ಚಿಕಿತ್ಸೆ ನಡೆಯುತ್ತಿರುವಾಗಲೇ ಹೊಸದೊಂದು ಎದ್ದರೆ ಏನು ಮಾಡಬೇಕು? ಮದ್ದು ಬಿಡುವ ಕೆಲಸವನ್ನಂತೂ ಬಿಡಲಾಗದು.

ದೇರಳಕಟ್ಟೆ ಚರ್ಮವೈದ್ಯೆ

ಹಿಂಡಬೇಡಿ, ಹಿಂಡಿದರೆ ಕೂಪ ಒಳಗೆ ಇನ್ನಷ್ಟು ಒಡೆಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಗಂಟು ತೀರಾ ನೋಯುತ್ತಿದ್ದರೆ ಮೊದಲ ಒಂದೆರಡು ದಿನಗಳಲ್ಲಿಯೇ ಚರ್ಮವೈದ್ಯರಲ್ಲಿಗೆ ಹೋಗಿ; ಅದರೊಳಗೆ ಸ್ಟಿರಾಯ್ಡ್ ಚುಚ್ಚಿದರೆ ಬೇಗ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಮುಲಾಮು ಇದಕ್ಕೆ ಬದಲಿಯಲ್ಲ, ನೀರ್ಚಾಲಿನವರು ಹೇಳಿದ್ದನ್ನು ಮರೆಯಬೇಡಿ. ಆ ಭಾಗವನ್ನು ಬ್ಲೇಡಿನಿಂದ ಬೋಳಿಸಬೇಡಿ, ಕತ್ತರಿ ಅಥವಾ ಟ್ರಿಮ್ಮರ್ ಸಾಕು. ಮದ್ದು ಬಿಡುವ ದಿನ ಬಿಗಿಯಲ್ಲದ ಹತ್ತಿಯ ಚಡ್ಡಿ ಎರಡು ಇಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಬಂದಾಗ ಮೈತೊಳೆದು ಬದಲಾಯಿಸಿ. ಮೈಲುತುತ್ತು ಬಿದ್ದ ಬಟ್ಟೆ ತೊಡೆಸಂದಿಗೆ ಉಜ್ಜುವುದು ಹೇಗೂ ಒಳ್ಳೆಯದಲ್ಲ.

ಚಳಿಜ್ವರ ಬಂದು ಕೆಂಪು ಗಂಟೆಗಂಟೆಗೆ ಹಬ್ಬುತ್ತಿದ್ದರೆ, ಚರ್ಮ ಕಪ್ಪಾಗತೊಡಗಿದರೆ ಅಥವಾ ಹೊರಗೆ ಕಾಣುವುದಕ್ಕಿಂತ ನೋವು ಬಹಳ ಹೆಚ್ಚಾಗಿದ್ದರೆ ಮರುದಿನದ ಹೊರರೋಗಿ ವಿಭಾಗಕ್ಕೆ ಕಾಯದೆ ಅದೇ ರಾತ್ರಿ ತುರ್ತು ವಿಭಾಗಕ್ಕೆ ಹೋಗಬೇಕು. ಸಕ್ಕರೆ ಹೆಚ್ಚಿರುವವರಲ್ಲಿ ಅಲ್ಲಿನ ಸೋಂಕು ಬೇಗ ಮೇಲೇರುತ್ತದೆ. ತಿಂಗಳುಗಟ್ಟಲೆ ಮಾಯದೆ ಅಂಚು ದಪ್ಪವಾಗುತ್ತಿರುವ ಹುಣ್ಣು ಇದ್ದರೆ ಬಯಾಪ್ಸಿ ಕೇಳಿ. ನಿಮ್ಮ ಸೋದರಮಾವನಿಗೆ ಈಗಲೂ ಕಂಕುಳಿನ ತೊಂದರೆ ಇದ್ದರೆ ಮುಂದಿನ ಸಲ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.